ಹುಣಸೆಹಣ್ಣು ಹಾಕಿ ತೊಳೆದ ಕಾರ್ಬೊರೇಟರ್

ಮೊನ್ನೆ ಸಾರಿಗೆ ಒಗ್ಗರಣೆ ಹಾಕುವಾಗ ಸಾಸಿವೆ ಚಟಪಟ ಎಂದಿತು, ಕರಿಬೇವು ಚುರ್ ಎಂದಿತು, ಅವುಗಳ ನಡುವೆ ಇನ್ನೇನೋ ಒಂದು ಠಣ್ ಎಂದಿತು. ಸಾಸಿವೆ ಠಣ್ ಎನ್ನುವುದನ್ನು ನನ್ನ ಐವತ್ತಾರು ವರ್ಷದಲ್ಲಿ ಕೇಳಿದ್ದಿಲ್ಲ. ಸೌಟಿನಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಬೈಕಿನ ಹಳೆಯ ವಾಷರ್. ಕಳೆದ ಮಳೆಗಾಲ ಮುಗಿದಾಗ ನಮ್ಮ ಮನೆಯಲ್ಲಿ ಒಂದು ವಾರ ನಡೆದ ಜಗಳದ ಕಾಲದ್ದು. ಅಂದಿನಿಂದ ಸಾಸಿವೆ ಬಟ್ಟಲಿನ ತಳದಲ್ಲಿ ತಣ್ಣಗೆ ಕೂತಿತ್ತು.

ಮಸಾಲೆ ಡಬ್ಬಿಗೆ ವಾಷರ್ ಹೇಗೆ ಬಂತು ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬೈಕಿನ ಕಾರ್ಬೊರೇಟರ್ ಬಿಚ್ಚಿದರೆ ಹದಿನೈದಿಪ್ಪತ್ತು ಚೂರುಗಳು ಹೊರಗೆ ಬರುತ್ತವೆ. ಕೆಲವು ಮೆಂತ್ಯದಷ್ಟು, ಕೆಲವು ಕಡಲೆಬೇಳೆಯಷ್ಟು. ಅವನ್ನು ಬೇರೆ ಬೇರೆ ಇಡಲು ಏಳು ಬಟ್ಟಲಿನ ಮಸಾಲೆ ಡಬ್ಬಿಗಿಂತ ಒಳ್ಳೆಯ ಸಾಮಾನು ಯಾವ ಗ್ಯಾರೇಜಿನಲ್ಲೂ ಇಲ್ಲ. ನಗುವವರು ನಗಬಹುದು. ಡಬ್ಬಿಯನ್ನು ಸೋಪು ಹಾಕಿ ತೊಳೆದು, ಬಿಸಿಲಿಗಿಟ್ಟು, ಆಮೇಲೆಯೇ ಮತ್ತೆ ಸಾಸಿವೆ ತುಂಬಿದ್ದು, ತಳಕ್ಕೆ ಅಂಟಿದ್ದ ಈ ವಾಷರ್ ಮಾತ್ರ ಕಣ್ಣು ತಪ್ಪಿಸಿತ್ತು. ಆದರೂ ನಮ್ಮ ಮನೆಯವರು, ಅಂದರೆ ನನ್ನ ಗಂಡ, ಅಂದಿನಿಂದ ಪ್ರತಿ ಊಟದಲ್ಲೂ ಮೊದಲ ತುತ್ತು ಮೂಸಿ ನೋಡುತ್ತಾರೆ.

"ಸಾರು ಪೆಟ್ರೋಲ್ ವಾಸ್ನೆ ಬರ್ತದಲ್ಲ ಮಾರಾಯ್ತಿ."

"ಬಂದ್ರೆ ಬರ್ಲಿ. ಬೆಂಕಿಕಡ್ಡಿ ಹತ್ರ ಕೂತು ಉಣ್ಬೇಡಿ" ಎನ್ನುತ್ತೇನೆ ನಾನು.

ಈ ಬೈಕಿನ ವಿಷಯದಲ್ಲಿ ನನಗೆ ಸ್ವಲ್ಪ ಮೂಗಿನ ತುದಿಯಲ್ಲೇ ಸಿಟ್ಟು. ಕಾಗದಪತ್ರದಲ್ಲಿ ಅದು ನಮ್ಮ ಮನೆಯವರದು. ನಾನು ಮದುವೆಯಾಗಿ ಜಾವಳಿ ಊರಿನ ಈ ಮನೆಗೆ ಕಾಲಿಡುವ ಮೊದಲೇ ಅದು ಇಲ್ಲಿಗೆ ಬಂದಿತ್ತು, ಹಾಗೆ ನೋಡಿದರೆ ಮನೆಯಲ್ಲಿ ನನಗಿಂತ ಹಿರಿಯ. ಇಪ್ಪತ್ತು ವರ್ಷಕ್ಕೂ ಹೆಚ್ಚು ನಾನು ಅದರ ಹಿಂದಿನ ಸೀಟಿನಲ್ಲಿ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತವಳು. ಅವರ ಮೊಣಕಾಲಿಗೆ ಆಪರೇಷನ್ ಆದ ಮೇಲೆ ಕಿಕ್ ಹೊಡೆಯಲು ಆಗದೆ ಬೈಕು ಕೊಟ್ಟಿಗೆ ಸೇರಿತು. ಒಂದು ವರ್ಷ ಅದರ ಸೀಟಿನ ಮೇಲೆ ಕೋಳಿಗಳು ಮಲಗಿದವು. ಆಗ ನನಗೆ ನಲವತ್ತೆಂಟು. ಒಂದು ಬೆಳಿಗ್ಗೆ ಕೋಳಿಗಳನ್ನು ಓಡಿಸಿ ಬೈಕನ್ನು ಕಾಫಿ ಒಣಗಿಸುವ ಕಣಕ್ಕೆ ತಳ್ಳಿಕೊಂಡು ಹೋದೆ. ನಮ್ಮ ಕಡೆ ಮಟ್ಟಸವಾದ ಜಾಗ ಎಂದರೆ ಕಣ ಒಂದೇ. ಅಲ್ಲೇ ಸುತ್ತಿ ಸುತ್ತಿ ಕಲಿತೆ. ಎರಡು ಸಲ ಬಿದ್ದೆ, ಒಂದು ಸಲ ಸಿಮೆಂಟಿನ ಮೇಲೆ, ಇನ್ನೊಂದು ಸಲ ಹಣ್ಣಿನ ಸಿಪ್ಪೆ ತೆಗೆದು ಒಣಗಲು ಹಾಕಿದ್ದ ಪಾರ್ಚ್‌ಮೆಂಟ್ ಕಾಫಿಯ ಮೇಲೆ. ಎರಡನೆಯದರಿಂದ ಅಂಥ ನೋವೇನೂ ಆಗಲಿಲ್ಲ, ಆದರೆ ಒಂದು ವಾರ ತಲೆ ಬಾಚುವಾಗ ಕಾಫಿ ಬೀಜ ಉದುರುತ್ತಿತ್ತು.

ಈಗ ನಾನು ಮುಂದೆ, ನಮ್ಮ ಮನೆಯವರು ಹಿಂದೆ. ಮಡಚಲು ಬಾರದ ಬಲಗಾಲನ್ನು ಅವರು ಪಕ್ಕಕ್ಕೆ ಚಾಚಿಕೊಂಡು ಕೂರುವುದರಿಂದ ಎದುರಿನ ಬಸ್ಸುಗಳೂ ನಮಗೆ ದಾರಿ ಬಿಡುತ್ತವೆ.

ಯಾಕೆ ಇಷ್ಟು ಹಟ, ಮನೆಯ ಹತ್ತಿರ ಜೀಪು ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಜೀಪು ನಮ್ಮ ಭಾವನವರದು. ನಮ್ಮ ಮನೆಯವರ ಅಣ್ಣ, ಮೇಲಿನ ತೋಟದವರು, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ಒಳ್ಳೆಯವರೇ. ಬಸ್ಸು ನಿಲ್ಲುವ ಜಾಗ ನಮ್ಮ ಮನೆಯಿಂದ ಎರಡು ಮೈಲಿ ಇಳಿಜಾರು, ಬರುವಾಗ ಎರಡು ಮೈಲಿ ಏರು. ಹಾಗಾಗಿ ನಮ್ಮ ಮನೆಯವರಿಗೆ ಬಿಡುವಿಲ್ಲದ ದಿನ ಪೇಟೆಗೆ ಹೋಗಬೇಕೆಂದರೆ ಭಾವನ ಜಗಲಿಗೆ ಹೋಗಿ ಕೇಳಬೇಕು.

"ನಾಳೆ ಜೀಪು ಮೂಡಿಗೆರೆ ಕಡೆ ಹೋಗ್ತದಾ ಭಾವ?"

"ಹೋಗ್ತದೆ. ನಿಂಗೆ ಎಂಥ ಕೆಲ್ಸ ಇತ್ತು ಸರೋಜ?"

ಅವರು ಒಂದು ದಿನವೂ ಇಲ್ಲ ಎಂದವರಲ್ಲ. ಆದರೆ ಒಂದು ಕೆಲಸ ಹೇಳಲೇಬೇಕು. ಕೆಲಸ ಇಲ್ಲದೆ ಹೆಂಗಸು ಜೀಪು ಹತ್ತುವಂತಿಲ್ಲ. ಟೈಲರ್ ಹತ್ತಿರ ರವಿಕೆ ಇದೆ, ಕನ್ನಡಕ ಸಡಿಲವಾಗಿದೆ, ಮಿಕ್ಸಿಯ ಜಾರ್ ಸೋರುತ್ತಿದೆ, ಹೀಗೆ ಇಪ್ಪತ್ತೈದು ವರ್ಷ ಕೆಲಸಗಳನ್ನು ಹುಟ್ಟಿಸಿದ್ದೇನೆ. ಒಮ್ಮೆ ಮೂಡಿಗೆರೆಯಲ್ಲಿರುವ ತಂಗಿಯನ್ನು ನೋಡಬೇಕೆನಿಸಿ ಹಲ್ಲುನೋವು ಎಂದುಬಿಟ್ಟೆ. ಭಾವ ನನ್ನನ್ನು ನೇರ ಹಲ್ಲಿನ ಡಾಕ್ಟರ ಬಾಗಿಲಲ್ಲಿ ಇಳಿಸಿ, ಮುಗಿಯುವವರೆಗೆ ಹೊರಗೆ ಬೆಂಚಿನ ಮೇಲೆ ಕಾದರು. ಡಾಕ್ಟರು ಮೂವತ್ತೆರಡು ಹಲ್ಲನ್ನೂ ತಟ್ಟಿ ನೋಡಿದರು, ನಾನು ಯಾವುದೋ ಒಂದಕ್ಕೆ ಆಯ್ ಎಂದೆ. ತಂಗಿಯ ಮನೆಯ ಮುಂದೆಯೇ ಹಾದು ಜೀಪು ವಾಪಸು ಬಂತು. ನಾನು ಒಳಗಿನಿಂದ ಅವಳ ಗೇಟು ನೋಡಿದೆ.

ಆ ದಿನದ ಸಂಕಟ ನನಗೆ ಇನ್ನೂ ಇಳಿದಿಲ್ಲ. ಕೇಳಿ ಕೇಳಿ ನನಗೆ ಸಾಕಾಗಿತ್ತು. ಬೈಕು ಕಲಿತ ಮೇಲೆ ಕೇಳುವುದು ನಿಂತಿತು. ಅಷ್ಟೇ ನನ್ನ ಹಟ, ಅದಕ್ಕಿಂತ ದೊಡ್ಡದೇನೂ ಇಲ್ಲ, ಅದಕ್ಕಿಂತ ಚಿಕ್ಕದೂ ಅಲ್ಲ.

ಕಳೆದ ಮಳೆಗಾಲದಲ್ಲಿ ಮೂರು ತಿಂಗಳು ಬೈಕು ತೆಗೆಯಲಾಗಲಿಲ್ಲ. ಮಳೆ ಬಿಟ್ಟ ಮೇಲೆ ತೆಗೆದರೆ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ನಿಂತ ಪೆಟ್ರೋಲು ಒಳಗೆ ಅಂಟಾಗಿದೆ, ಕಾರ್ಬೊರೇಟರ್ ಬಿಚ್ಚಿ ತೊಳೆಯಬೇಕು ಎಂದು ಮೊಬೈಲಿನ ವಿಡಿಯೊದಲ್ಲಿ ಒಬ್ಬ ಹೇಳಿದ. ಅವನ ಹಿಂದಿ ನನಗೆ ಅರ್ಧ ತಿಳಿಯಿತು, ಅವನ ಕೈ ಪೂರ್ತಿ ತಿಳಿಯಿತು. ತೊಂದರೆ ಒಂದೇ, ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯ ಒಂದು ಕಲ್ಲಿನ ಮೇಲೆ ನಿಂತಾಗ ಮಾತ್ರ. ಕಲ್ಲು ಹತ್ತಿ ಒಂದು ಸ್ಕ್ರೂ ಬಿಚ್ಚುವುದನ್ನು ನೋಡುವುದು, ಇಳಿದು ಬಂದು ಆ ಸ್ಕ್ರೂ ಬಿಚ್ಚುವುದು, ಮತ್ತೆ ಕಲ್ಲು ಹತ್ತುವುದು. ತೋಟದ ಕೆಲಸಕ್ಕೆ ಬಂದಿದ್ದ ಹೆಂಗಸರು ನನಗೆ ಏನೋ ಹರಕೆ ಇದೆಯೆಂದು ತಿಳಿದು ಸುಮ್ಮನಿದ್ದರು.

ಬಿಚ್ಚಿದ ಮೇಲೆ ಒಳಗಿನ ಹಿತ್ತಾಳೆ ಚೂರುಗಳು ಕಣ್ಣಿಗೆ ಬಿದ್ದವು. ಕಪ್ಪಾಗಿ, ಪಾಚಿ ಹಿಡಿದ ಹಾಗೆ. ವಿಡಿಯೊದವನು ಡಬ್ಬದಿಂದ ಏನೋ ಸ್ಪ್ರೇ ಹೊಡೆದ. ನನ್ನ ಹತ್ತಿರ ಅದಿರಲಿಲ್ಲ. ಹಿತ್ತಾಳೆ ತೊಳೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಇಲ್ಲಿ ಸ್ವಲ್ಪ ಆಲ್ದೂರಿಗೆ ಹೋಗಿ ಬರಬೇಕು. ಅಲ್ಲಿ ನನ್ನ ತವರು. ಅಪ್ಪನಿಗೆ ಪೇಟೆಯಲ್ಲಿ ಕಿರಾಣಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅಪ್ಪನಿಗೂ ಒಂದು ಬೈಕಿತ್ತು. ಭಾನುವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿ, ಹಿತ್ತಲಲ್ಲಿ ಗೋಣಿಚೀಲ ಹಾಸಿ, ಅದನ್ನು ಬಿಚ್ಚಿ ಹರಡಿಕೊಂಡು ಕೂರುವುದು ಅವರ ಸಂಭ್ರಮ. ಸ್ಪಾನರ್ ಕೊಡುವುದು ಅಣ್ಣನ ಕೆಲಸ. ಹತ್ತನೇ ನಂಬರಿನದು ಕೇಳಿದರೆ ಹದಿನಾಲ್ಕರದ್ದು ಕೊಡುತ್ತಿದ್ದ. ನಾನು ಹಿತ್ತಲ ಬಾಗಿಲಲ್ಲಿ ನಿಂತು, ಅದಲ್ಲ, ಪಕ್ಕದ್ದು ಎಂದು ಹೇಳುತ್ತಿದ್ದೆ.

"ನೀನೆಂತಕ್ಕೆ ಇಲ್ಲಿ? ಲಂಗಕ್ಕೆ ಗ್ರೀಸಾಗ್ತದೆ, ಒಳಗೆ ಹೋಗು" ಎನ್ನುತ್ತಿದ್ದರು ಅಪ್ಪ. ಪ್ರೀತಿಯಿಂದಲೇ.

ಒಳಗೆ ಅಜ್ಜಿ ಕಾಯುತ್ತಿದ್ದರು. ಸೋಮವಾರ ಬೆಳಿಗ್ಗೆ ಶಿವಪೂಜೆಗೆ ಮೊದಲು ಮನೆಯ ಹಿತ್ತಾಳೆಯೆಲ್ಲ ಬೆಳಗಬೇಕು. ಕಾಫಿ ಗಿಡ ಕಸಿ ಮಾಡಿದಾಗ, ಅಂದರೆ ಸವರಿದಾಗ, ಕತ್ತರಿಸಿದ ಕೊಂಬೆಗಳು ಒಲೆಗೆ ಬರುತ್ತವಲ್ಲ, ಅವುಗಳ ಬೂದಿ ತುಂಬಾ ನಯ. ಅದನ್ನು ತೆಳು ಬಟ್ಟೆಯಲ್ಲಿ ಸೋಸಿ, ನೆನೆಸಿದ ಹುಣಸೆಹಣ್ಣಿನ ಜೊತೆ ಕಲಸಿ, ತೆಂಗಿನ ನಾರಿನಿಂದ ತಿಕ್ಕುವುದು. ಗಿಂಡಿಯ ಕತ್ತಿನೊಳಗೆ ಕೈ ಹೋಗುವುದಿಲ್ಲ, ಅದಕ್ಕೆ ಕಡ್ಡಿಗೆ ಬಟ್ಟೆ ಸುತ್ತಿ, ಬೂದಿ ಅದ್ದಿ, ಒಳಗೆ ಹಾಕಿ ತಿರುವಬೇಕು. ಅಜ್ಜಿ ಒಂದೊಂದನ್ನೂ ಎತ್ತಿ ನೋಡುತ್ತಿದ್ದರು. "ಮುಖ ಕಾಣ್ಬೇಕು ಕೂಸೆ, ಮುಖ" ಎನ್ನುತ್ತಿದ್ದರು. ಮುಖ ಕಾಣದಿದ್ದರೆ ಮತ್ತೆ ಮೊದಲಿನಿಂದ. ಹೀಗೆ ಅಣ್ಣನ ಕೈಗೆ ಸ್ಪಾನರು, ನನ್ನ ಕೈಗೆ ಹುಣಸೆಹಣ್ಣು. ಆ ಅಣ್ಣ ಈಗ ಗ್ಯಾಸ್ ಸಿಲಿಂಡರ್ ಬದಲಾಯಿಸಬೇಕಾದರೂ ಪಕ್ಕದ ಮನೆಯವರನ್ನು ಕರೆಯುತ್ತಾನೆ, ಆ ಮಾತು ಬೇರೆ.

ಆದ್ದರಿಂದ ಕಾರ್ಬೊರೇಟರ್ ಬಿಚ್ಚಿದ ಆ ಸೋಮವಾರ ನಾನು ಮಾಡಿದ್ದು ನನಗೆ ಕಲಿಸಿದ್ದನ್ನೇ. ಬಚ್ಚಲೊಲೆಯ ಬೂದಿ ಸೋಸಿದೆ, ಹುಣಸೆಹಣ್ಣು ನೆನೆಸಿದೆ, ಜಗಲಿಯಲ್ಲಿ ಕೂತು ಕಾರ್ಬೊರೇಟರಿನ ಹಿತ್ತಾಳೆಯನ್ನು ಒಂದೊಂದಾಗಿ ತಿಕ್ಕಿದೆ. ಕೈ ಹೋಗದ ಸಣ್ಣ ತೂತುಗಳಿಗೆ ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ಬೂದಿ ಅದ್ದಿ ತಿರುವಿದೆ. ಬಿಸಿನೀರಲ್ಲಿ ಅಲುಬಿ, ಬಿಸಿಲಿಗಿಟ್ಟೆ. ಸಾಸಿವೆ ಬಟ್ಟಲಲ್ಲಿ ಒಂದು, ಮೆಂತ್ಯದ ಬಟ್ಟಲಲ್ಲಿ ಒಂದು, ಚಿನ್ನದಂತೆ ಹೊಳೆಯುತ್ತಿದ್ದವು. ಅಜ್ಜಿ ಇದ್ದಿದ್ದರೆ ಒಂದನ್ನೂ ಮತ್ತೆ ತಿಕ್ಕು ಎಂದು ವಾಪಸು ಕೊಡುತ್ತಿರಲಿಲ್ಲ. ನಮ್ಮ ಮನೆಯವರು ಬಂದು ನೋಡಿ, "ಇದನ್ನ ಗಾಡಿಗೆ ಹಾಕೋದಾ, ದೇವರ ಮುಂದೆ ಇಡೋದಾ?" ಎಂದರು.

ಗಾಡಿಗೆ ಹಾಕಿದೆ. ಒಂದೇ ಕಿಕ್ಕಿಗೆ ಹೊತ್ತಿತು. ಹಳೆಯ ಕೆಮ್ಮು ಇಲ್ಲವೇ ಇಲ್ಲ. ಹೆಮ್ಮೆಯಿಂದ ಅಂಗಳದಲ್ಲಿ ಎರಡು ಸುತ್ತು ಹೊಡೆದು, ಸ್ಟ್ಯಾಂಡ್ ಹಾಕಿ, ಕೈ ತೊಳೆಯಲು ಹೋದೆ. ಬಂದು ನೋಡುವಾಗ ಬೈಕಿನ ಅಡಿಯಲ್ಲಿ ಒಂದು ಒದ್ದೆ ಕಲೆ. ಮೇಲಿನಿಂದ ತೊಟ್. ಸ್ವಲ್ಪ ಹೊತ್ತಿಗೆ ಇನ್ನೊಂದು ತೊಟ್. ಮೂಸಿದರೆ ಪೆಟ್ರೋಲು. ತೊಳೆಯುವ ಮೊದಲು ಗಾಡಿ ಕೆಮ್ಮುತ್ತಿತ್ತು, ತೊಳೆದ ಮೇಲೆ ಸೋರುತ್ತಿದೆ.

ಇಂಥ ಸುದ್ದಿಗೆ ಕಾಲು ಬರುವುದು ಬೇಗ. ಸಂಜೆಯೊಳಗೆ ಭಾವ ಇಳಿದು ಬಂದರು. ಕಲೆ ನೋಡಿದರು, ನನ್ನ ಕೈ ನೋಡಿದರು, ಜಗಲಿಯ ಮೇಲಿದ್ದ ಮಸಾಲೆ ಡಬ್ಬಿ ನೋಡಿದರು.

"ಇದು ಹೊತ್ತಿಕೊಳ್ತದೆ ಒಂದಿನ. ಗಾಡಿ ಮಾತ್ರ ಅಲ್ಲ, ನೀನೂ. ಸಾಕಿನ್ನು ಇದು" ಎಂದರು. "ಕಳಸದ ರಸ್ತೇಲಿ ನನ್ನ ಗುರುತಿನವರದ್ದೊಂದು ಹೋಂಸ್ಟೇ ಉಂಟು. ಹಳೇ ಬೈಕು ಕೇಳ್ತಾ ಇದ್ರು. ರಿಸೆಪ್ಶನ್ನಲ್ಲಿ ಶೋಗೆ ಇಡ್ತಾರಂತೆ, ಮೇಲೆ ಹೂವಿನ ಕುಂಡ ಎಲ್ಲ ಇಟ್ಟು. ಭಾನುವಾರ ಬರ್ಲಿಕ್ಕೆ ಹೇಳ್ತೆ."

"ನಂಗೆ ಓಡಾಡ್ಲಿಕ್ಕೆ ಭಾವ?"

"ಜೀಪಿಲ್ವಾ? ಯಾವಾಗ ಬೇಕಾದ್ರೂ ಒಂದು ಮಾತು ಹೇಳು, ಆಯ್ತಲ್ಲ."

ಆ ಒಂದು ಮಾತು. ಅವರಿಗೆ ಅದು ಎಷ್ಟು ಚಿಕ್ಕದಾಗಿ ಕಂಡಿತೋ ನನಗೆ ಅಷ್ಟೇ ದೊಡ್ಡದಾಗಿ ಕಂಡಿತು. ನಮ್ಮ ಮನೆಯವರತ್ತ ನೋಡಿದೆ. ಅಣ್ಣನ ಮುಂದೆ ಬಾಯಿ ಬಿಡುವ ಅಭ್ಯಾಸ ಅವರಿಗೆ ಹುಟ್ಟಿದಾಗಿನಿಂದ ಇಲ್ಲ, ಮೊಣಕಾಲು ಉಜ್ಜಿಕೊಳ್ಳುತ್ತ ಕೂತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು.

"ಭಾನುವಾರ ಅವ್ರು ಬರ್ಲಿ ಭಾವ. ಅವತ್ತು ಒಂದೇ ಒಂದು ತೊಟ್ಟು ಸೋರಿದ್ರೂ ನಾನೇ ಎತ್ತಿ ಅವ್ರ ಪಿಕಪ್ ಗಾಡಿಗೆ ಹಾಕ್ತೀನಿ. ಸೋರ್ದೇ ಇದ್ರೆ ಇದರ ಸುದ್ದಿ ಮತ್ತೆ ಯಾರೂ ಎತ್ತಬಾರದು."

ಹೇಳಿದ ಮೇಲೆ ಹೆದರಿಕೆಯಾಯಿತು. ಆದರೆ ಮಾತು ಆಡಿ ಆಗಿತ್ತು.

ಸೋರುವುದು ಯಾಕೆ ಎಂದು ತಿಳಿಯಲು ನೀವು ಮೆಕ್ಯಾನಿಕ್ ಆಗಬೇಕಿಲ್ಲ. ಮನೆಯ ಮೇಲಿನ ನೀರಿನ ಟ್ಯಾಂಕು ನೆನಪಿಸಿಕೊಳ್ಳಿ. ನೀರು ತುಂಬಿದಂತೆ ಒಳಗಿನ ಚೆಂಡು ತೇಲಿ ಮೇಲೆ ಬಂದು ನಲ್ಲಿ ಮುಚ್ಚುತ್ತದೆ. ಮುಚ್ಚದಿದ್ದರೆ ಹೆಚ್ಚಾದ ನೀರು ಪೈಪಿನಿಂದ ಅಂಗಳಕ್ಕೆ ಸುರಿಯುತ್ತದೆ. ಕಾರ್ಬೊರೇಟರಿನ ಅಡಿಯ ಬಟ್ಟಲಲ್ಲೂ ಅಂಥದೇ ಒಂದು ತೇಲುವ ಬುರುಡೆ ಇದೆ. ಅದು ಮೇಲೆ ಬಂದಾಗ ಒಂದು ಪುಟ್ಟ ಸೂಜಿಯನ್ನು ತೂತಿಗೆ ಒತ್ತಿ ಪೆಟ್ರೋಲು ನಿಲ್ಲಿಸುತ್ತದೆ. ಸೋರುತ್ತಿದೆ ಎಂದರೆ ಬಟ್ಟಲಿನ ವಾಷರ್ ಹೋಗಿರಬೇಕು, ಇಲ್ಲವೇ ಬುರುಡೆ ತೇಲುತ್ತಿಲ್ಲ, ಇಲ್ಲವೇ ಸೂಜಿ ಕೂರುತ್ತಿಲ್ಲ. ಇಷ್ಟನ್ನು ಕಲ್ಲಿನ ಮೇಲೆ ನಿಂತು ಕಲಿತೆ.

ಮಂಗಳವಾರ ವಾಷರ್ ಎಂದುಕೊಂಡೆ. ಸ್ಕ್ರೂಗಳನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗೆ ಮೈಯೆಲ್ಲ ಬಲ ಹಾಕಿ ಬಿಗಿದೆ. ಒಂದರ ಥ್ರೆಡ್ಡೇ ಹೋಯಿತು, ಸೋರುವುದು ಹೋಗಲಿಲ್ಲ. ಅಟ್ಟದ ಡಬ್ಬದಲ್ಲಿ ನಮ್ಮ ಮನೆಯವರು ಕೂಡಿಟ್ಟಿದ್ದ ಸಾಮಾನು ಹುಡುಕಿ ವಾಷರುಗಳನ್ನೂ ಆ ಸ್ಕ್ರೂವನ್ನೂ ಬದಲಾಯಿಸಿದೆ. ಆಮೇಲೆ ಹೊಳೆಯಿತು, ಮೊದಲೇ ನೋಡಬೇಕಿತ್ತು ಎಂದು. ಎಲ್ಲವನ್ನೂ ಬಟ್ಟೆಯಿಂದ ಒಣಗುವಂತೆ ಒರೆಸಿ, ಮಣೆ ಹಾಕಿಕೊಂಡು ಎದುರಿಗೆ ಕೂತು ಕಣ್ಣು ಮಿಟುಕಿಸದೆ ನೋಡಿದೆ. ತೊಟ್ಟು ಬರುತ್ತಿದ್ದದ್ದು ಬಟ್ಟಲಿನ ಸಂದಿಯಿಂದ ಅಲ್ಲ, ಹೆಚ್ಚಾದ ಪೆಟ್ರೋಲು ಹೊರಗೆ ಹೋಗುವ ಪೈಪಿನಿಂದ. ಒಂದು ದಿನ ವಾಷರಿನ ಮೇಲೆ ಸುಮ್ಮನೆ ಅನುಮಾನ ಪಟ್ಟಿದ್ದೆ.

ಬುಧವಾರ ಬುರುಡೆಯ ಸರದಿ. ಕಿವಿಯ ಹತ್ತಿರ ಅಲ್ಲಾಡಿಸಿದೆ, ಒಳಗೆ ಪೆಟ್ರೋಲು ಸೇರಿದ್ದರೆ ಕುಲುಕುವ ಸದ್ದು ಬರಬೇಕು. ಬರಲಿಲ್ಲ. ಬಿಸಿನೀರಿನಲ್ಲಿ ಅದುಮಿ ಹಿಡಿದೆ, ತೂತಿದ್ದರೆ ಗುಳ್ಳೆ ಏಳಬೇಕು. ಏಳಲಿಲ್ಲ. ನನ್ನ ಅಡುಗೆಮನೆಯಲ್ಲಿ ಅಷ್ಟು ಗಟ್ಟಿಯಾದ ಪಾತ್ರೆ ಇನ್ನೊಂದಿಲ್ಲ.

ಗುರುವಾರ ಹಟ ಬಿಟ್ಟು ಕಾರ್ಬೊರೇಟರನ್ನು ಬಿಚ್ಚಿ, ಒರೆಸಿ ಒಣಗಿಸಿ, ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟುಕೊಂಡು ಎರಡು ಮೈಲಿ ಇಳಿದು ಬಸ್ಸು ಹತ್ತಿದೆ. ಬಾಳೂರಿನಲ್ಲಿ ಲಾರೆನ್ಸ್ ಎಂಬ ಮೆಕ್ಯಾನಿಕ್ ಇದ್ದಾನೆ. ಒಳ್ಳೆಯ ಕೆಲಸಗಾರ, ಆದರೆ ಈಚೆಗೆ ಅವನ ಗ್ಯಾರೇಜಿನಲ್ಲಿ ಸ್ಪಾನರಿಗಿಂತ ಲ್ಯಾಪ್‌ಟಾಪಿಗೆ ಮರ್ಯಾದೆ ಹೆಚ್ಚು. ಡಬ್ಬಿ ತೆರೆದ ತಕ್ಷಣ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಬಿಚ್ಚಿದ್ದು ಯಾರು ಸರೋಜಕ್ಕ?"

"ನಾನು."

"ಹಾಂ, ಹಂಗೆ ಹೇಳಿ" ಎಂದು ತಲೆಯಾಡಿಸಿದ, ರೋಗ ಸಿಕ್ಕಿತು ಎನ್ನುವಂತೆ. ಬುರುಡೆಯ ಕಿವಿಯನ್ನು, ಅಂದರೆ ಸೂಜಿಯನ್ನು ಒತ್ತುವ ಪುಟ್ಟ ತಗಡನ್ನು, ಒಂದು ಚೂರು ಬಗ್ಗಿಸಿ ಕೊಟ್ಟ. "ಇದ್ರಲ್ಲಿ ನಿಂತ್ರೆ ನಿಂತ್ತು. ಇಲ್ದಿದ್ರೆ ಹೊಸ ಕಾರ್ಬೊರೇಟರೇ ಆಗ್ಬೇಕು, ಈ ಮಾಡೆಲಿಗೆ ಸಿಗೂದಿಲ್ಲ. ಗಾಡೀನ ಹೋಂಸ್ಟೇಗೆ ಕೊಡೋದಂತಲ್ಲ? ಒಳ್ಳೇದಾಯ್ತು ಬಿಡಿ. ಇದೆಲ್ಲ ನಿಮ್ಮಿಂದ ಆಗೂ ಕೆಲ್ಸ ಅಲ್ಲ."

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೆಂಗಸು ಬಿಚ್ಚಿದ್ದಾಳೆ ಎಂದ ಮೇಲೆ ಇನ್ನು ಕಾರಣ ಹುಡುಕುವುದು ಬೇಡ ಎಂದು ಅವನಿಗೆ ಸಹಜವಾಗಿ ಅನಿಸಿತು. ಭಾವನಿಗೂ ಅನಿಸಿತ್ತು. ನನಗೆ ಮೈಯುರಿದದ್ದು ಅದಕ್ಕೇ. ಬಸ್ಸಿನಲ್ಲಿ ಊಟದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ವಾಪಸು ಬರುವಾಗ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು, ಏನು ಅಡುಗೆ ಎಂದು ಕೇಳಿದರು. ಹುಳಿ ಎಂದೆ.

ಶುಕ್ರವಾರವೂ ಸೋರಿತು. ನಿಧಾನವಾಗಿ, ಆದರೆ ಸೋರಿತು. ಆ ದಿನ ನಾನು ಊಟ ಬಿಟ್ಟೆ. ಹೆಬ್ಬಾಗಿಲ ಮೆಟ್ಟಿಲಲ್ಲಿ ಕೂತು ಅತ್ತುಬಿಟ್ಟೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದೆ. ನಮ್ಮ ಮನೆಯವರು ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟು, ಕುಂಟಿಕೊಂಡು ಒಳಗೆ ಹೋದರು.

ಶನಿವಾರ ಬೆಳಿಗ್ಗೆ ತೋಟದಲ್ಲಿ ಔಷಧಿ ಹೊಡೆಯುವವರು ಕೆಲಸ ಶುರು ಮಾಡಿದ್ದರು. ಸ್ಪ್ರೇ ಮಾಡುವ ಗನ್ನಿನ ತುದಿ ಕಟ್ಟಿಕೊಂಡರೆ ನಮ್ಮ ಕಡೆಯವರು ಅದನ್ನು ಕಳಚಿ, ತೊಳೆದು, ಬಾಯಿಗಿಟ್ಟು ಊದಿ ನೋಡುತ್ತಾರೆ. ಗಾಳಿ ಹೋದರೆ ದಾರಿ ತೆರೆದಿದೆ, ಹೋಗದಿದ್ದರೆ ಮುಚ್ಚಿದೆ. ನಾನೂ ನೂರಾರು ಸಲ ಮಾಡಿದ್ದೇನೆ. ಅವರು ಊದುವುದನ್ನು ನೋಡುತ್ತ ನಿಂತಿದ್ದವಳಿಗೆ ಥಟ್ಟನೆ ಅನಿಸಿತು, ತೆರೆದಿದೆಯೋ ಎಂದು ಊದಿ ನೋಡಬಹುದಾದರೆ ಮುಚ್ಚಿದೆಯೋ ಎಂದೂ ನೋಡಬಹುದಲ್ಲ.

ಓಡಿಬಂದು ಕಾರ್ಬೊರೇಟರ್ ಬಿಚ್ಚಿದೆ. ಅಡಿಯ ಬಟ್ಟಲು ತೆಗೆದು, ತಲೆಕೆಳಗಾಗಿ ಹಿಡಿದೆ. ಈಗ ಬುರುಡೆಯ ಭಾರಕ್ಕೇ ಸೂಜಿ ಹೋಗಿ ತೂತಿನಲ್ಲಿ ಕೂರುತ್ತದೆ. ಪೆಟ್ರೋಲು ಒಳಗೆ ಬರುವ ಕೊಳವೆಯನ್ನು ಒರೆಸಿ ಬಾಯಿಗಿಟ್ಟು ಊದಿದೆ. ಗಾಳಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಸುಂಯ್ ಎಂದು ಸಣ್ಣಗೆ ದಾಟಿತು. ಐದು ದಿನದಲ್ಲಿ ಮೊದಲ ಸಲ ಕಳ್ಳನ ಸದ್ದು ಕೇಳಿಸಿತು.

ಸೂಜಿ ತೆಗೆದೆ. ಅದು ಕೂರುವ ತೂತಿನೊಳಗೆ ನೋಡಿದೆ, ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ನಮ್ಮ ಮನೆಯವರು ಪೇಪರ್ ಓದುವ ಭೂತಗನ್ನಡಿ ತಂದು, ಬಿಸಿಲಿಗೆ ತಿರುಗಿಸಿ ಹ್ಞೂಂ, ಹ್ಞೂಂ ಎಂದರು. ಅವರ ಹಣೆಯ ಮೇಲೆ ಬೆಳಗಿನ ಪೂಜೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಇದಕ್ಕೆ ಯಾರೇ ಮಾರಾಯ್ತಿ ವಿಭೂತಿ ಹಚ್ಚಿದ್ದು?"

ಕಿತ್ತುಕೊಂಡು ನೋಡಿದೆ. ತೂತಿನ ಒಳಬದಿಗೆ, ಸೂಜಿ ಕೂರುವ ಜಾಗದಲ್ಲಿಯೇ, ಬೂದು ಬಣ್ಣದ ತೆಳ್ಳನೆಯ ಒಂದು ಗೆರೆ. ಹುಣಸೆಹಣ್ಣಿನ ಅಂಟಿಗೆ ಬೂದಿ ಸೇರಿ ಗಾರೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಗಿಂಡಿಯ ಕತ್ತು ತೊಳೆಯುವ ಹಾಗೆ ಕಡ್ಡಿ ತಿರುವಿದ್ದೆನಲ್ಲ, ಬಿಸಿನೀರು ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಸೋರುವ ಹಾಗೆ ಮಾಡಿದವಳು ನಾನೇ. ಭಾವ ಹೇಳಿದ್ದು ಸರಿ, ಲಾರೆನ್ಸ್ ತಲೆಯಾಡಿಸಿದ್ದು ಸರಿ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ನಗು ಬಂತು. ನಮ್ಮ ಮನೆಯವರು ಮೊದಲೇ ನಗುತ್ತಿದ್ದರು, ಮೊಣಕಾಲು ಹಿಡಿದುಕೊಂಡು.

ಹತ್ತಿ ಸುತ್ತಿದ ಕಡ್ಡಿಯನ್ನು ಬಿಸಿನೀರಿಗೆ ಅದ್ದಿ, ತೂತಿಗಿಟ್ಟು, ಉಜ್ಜದೆ, ಒತ್ತದೆ, ಸುಮ್ಮನೆ ನೆನೆಯಲು ಬಿಟ್ಟೆ. ಅರ್ಧ ಗಂಟೆಗೆ ಬೂದಿ ಬಿಟ್ಟುಕೊಂಡಿತು. ಒರೆಸಿ ಒಣಗಿಸಿ, ಮತ್ತೆ ಜೋಡಿಸಿ, ತಲೆಕೆಳಗೆ ಹಿಡಿದು ಊದಿದೆ. ಕೆನ್ನೆ ಉಬ್ಬಿತು, ಕಣ್ಣು ಉಬ್ಬಿತು, ಗಾಳಿ ಒಂದಿಷ್ಟೂ ದಾಟಲಿಲ್ಲ.

"ನಾಳೆ ಅಣ್ಣ ಕೇಳಿದ್ರೆ ಎಂತದೋ ಕಸ ಸಿಕ್ಕಿತ್ತು ಅಂದ್ಬಿಡು" ಎಂದರು ನಮ್ಮ ಮನೆಯವರು. "ಬೂದಿ ವಿಷ್ಯ ನಾವಿಬ್ರೇ ಇಟ್ಕೊಳ್ಳುವ."

ಒಳ್ಳೆಯ ಸಲಹೆ. ಮಧ್ಯಾಹ್ನವೆಲ್ಲ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಭಾನುವಾರ ಹತ್ತು ಗಂಟೆಗೆ ಪಿಕಪ್ ಬಂತು. ಹೋಂಸ್ಟೇಯವರು ನಯವಾದ ಮನುಷ್ಯ, ನನ್ನನ್ನು ಆಂಟಿ ಎಂದರು, ಟೇಪು ತೆಗೆದು ಬೈಕಿನ ಉದ್ದಗಲ ಅಳೆದರು. ಪೆಟ್ರೋಲ್ ಟ್ಯಾಂಕಿನ ಮೇಲೆ ಯಾವ ಹೂವು ಚೆನ್ನಾಗಿ ಕಾಣುತ್ತದೆ ಎಂದು ಯೋಚಿಸುತ್ತಿದ್ದರು. ಭಾವ ಜಗಲಿಯ ಕುರ್ಚಿಯಲ್ಲಿ ಕೂತರು. ನಾನು ಬೈಕಿಗೆ ಸ್ಟ್ಯಾಂಡ್ ಹಾಕಿ, ಅಡಿಗೆ ಪೇಪರ್ ಹಾಸಿ, ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ಕಾಕ್ ಪೂರ್ತಿ ತಿರುಗಿಸಿ ಬಿಟ್ಟೆ. ಎಲ್ಲರಿಗೂ ಕಾಫಿ ಕೊಟ್ಟೆ. ಎಲ್ಲರೂ ಪೇಪರನ್ನೇ ನೋಡುತ್ತ ಕಾಫಿ ಕುಡಿದರು.

ಲೋಟ ಅರ್ಧ ಆಗಿತ್ತು. ಪೇಪರಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

"ಬಿತ್ತು" ಎಂದರು ಭಾವ.

ಹೋಂಸ್ಟೇಯವರು ಟೇಪು ಸುತ್ತಿಕೊಂಡರು. ಆಗ ನಮ್ಮ ಮನೆಯವರು, ಅಣ್ಣನ ಮುಂದೆ ಜನ್ಮದಲ್ಲಿ ಬಾಯಿ ಬಿಡದವರು, ಬಾಯಿ ಬಿಟ್ಟರು.

"ಮೂಸಿ ನೋಡಣ್ಣ."

ಭಾವ ಎದ್ದು ಬಂದರು. ಬಗ್ಗಿ, ಹನಿಯನ್ನು ಬೆರಳಿಗೆ ಹಚ್ಚಿ ಮೂಸಿದರು. ಮತ್ತೊಮ್ಮೆ ಮೂಸಿದರು. ಬೆಳಿಗ್ಗೆ ನಾನು ಬೈಕು ತೊಳೆದ ನೀರು ಮಡ್‌ಗಾರ್ಡಿನ ಸಂದಿಯಲ್ಲಿ ನಿಂತದ್ದು ಇಳಿದಿತ್ತು. ಭಾವ ಪಂಚೆಗೆ ಬೆರಳು ಒರೆಸಿಕೊಂಡು ಹೋಗಿ ಕೂತರು. ಕಾಫಿ ಮುಗಿಯಿತು, ಎರಡನೇ ಲೋಟವೂ ಮುಗಿಯಿತು, ಎಲೆಯಡಿಕೆ ಮುಗಿಯಿತು. ಪೇಪರಿನ ಮೇಲೆ ಇನ್ನೊಂದು ಹನಿ ಬೀಳಲಿಲ್ಲ.

"ಎಂಥ ಆಗಿತ್ತು ಹಂಗಾರೆ?" ಕೇಳಿದರು ಭಾವ.

ಕಸ ಸಿಕ್ಕಿತ್ತು ಎನ್ನಲು ಬಾಯಿ ತೆರೆದೆ. ಆದರೆ ಇಪ್ಪತ್ತೈದು ವರ್ಷ ಈ ಮನುಷ್ಯನಿಗೆ ಸುಳ್ಳು ಹೇಳಿದ್ದು ಸಾಕೆನಿಸಿತು. ಟೈಲರ್, ಮಿಕ್ಸಿ, ಹಲ್ಲು, ಇನ್ನೊಂದು ಬೇಡ.

"ಬೂದಿ ಭಾವ. ಪೂಜೆ ಸಾಮಾನು ತೊಳೆಯೋ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ. ಒಳಗೆ ಕೂತಿತ್ತು."

ಹೋಂಸ್ಟೇಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಭಾವನಿಗೆ ಸ್ವಲ್ಪ ಜೀವ ಬಂತು.

"ಅಂದ್ರೆ ಕೆಡ್ಸಿದ್ದು ನೀನೇ."

"ಹೌದು, ನಾನೇ. ಸರಿ ಮಾಡಿದ್ದೂ ನಾನೇ. ಬಾಳೂರಿಗೆ ಹೊತ್ಕೊಂಡು ಹೋಗಿದ್ದೆ, ಅಲ್ಲೂ ರೋಗ ಸಿಗ್ಲಿಲ್ಲ."

ಭಾವ ಇನ್ನೊಮ್ಮೆ ಬಗ್ಗಿ ಪೇಪರ್ ನೋಡಿದರು. ಆಮೇಲೆ ದೊಡ್ಡ ಮನಸ್ಸು ಮಾಡಿ, "ಆಯ್ತು, ಇಟ್ಕೊ" ಎಂದರು.

ಅವರ ಮಟ್ಟಿಗೆ ಅದು ಸೋಲೊಪ್ಪಿಕೊಂಡ ಹಾಗೆ. ಸುಮ್ಮನಿದ್ದುಬಿಡಬಹುದಿತ್ತು. ನನಗೆ ಸುಮ್ಮನಿರಲು ಆಗಲಿಲ್ಲ.

"ಇಟ್ಕೊಳ್ಲಾ ಅಂತ ನಾನು ಕೇಳ್ಲಿಲ್ಲ ಭಾವ."

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ನಮ್ಮ ಮನೆಯವರು ಒಳಗಿನಿಂದ ಹೆಲ್ಮೆಟ್ ತಂದು ಕೈಗೆ ಕೊಟ್ಟರು, ತಾವು ಹತ್ತಲು ಬರಲಿಲ್ಲ. ಕಿಕ್ ಹೊಡೆದೆ. ಗಾಡಿ ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಭಾವ ಕೂಗಿದರು.

"ಈಗ ಎತ್ಲಾಗೆ? ಎಂಥ ಕೆಲ್ಸ?"

"ಎಂಥದೂ ಇಲ್ಲ ಭಾವ!"

ಬಾಳೂರಿನವರೆಗೆ ಹೋದೆ. ಭಾನುವಾರ, ಲಾರೆನ್ಸನ ಗ್ಯಾರೇಜು ಬಾಗಿಲು ಹಾಕಿತ್ತು. ಅಲ್ಲಿಯ ಬಸ್ಸು ನಿಲ್ಲುವ ಜಾಗದ ಹೋಟೆಲಿನಲ್ಲಿ ಒಬ್ಬಳೇ ಕೂತು ಒಂದು ಲೋಟ ನೀರು ನೀರಾದ ಕಾಫಿ ಕುಡಿದೆ, ಗೋಳಿಬಜೆ ತಿಂದೆ, ಹೋಗುವವರನ್ನೂ ಬರುವವರನ್ನೂ ನೋಡಿದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಅದನ್ನು ಸಾವಕಾಶವಾಗಿ ಮುಗಿಸಿಕೊಂಡು ಮನೆಗೆ ಬಂದೆ.